ಹಳೆಯ ಲ್ಯಾಪ್‌ಟಾಪಿನಲ್ಲಿ ಉಳಿದ ಮಾತುಗಳು

ಶೃಂಗೇರಿಯಿಂದ ಕಿಗ್ಗದ ಮಾರ್ಗವಾಗಿ ಸಿರಿಮನೆಗೆ ಬರುವವರಲ್ಲಿ ಬಹುಮಂದಿ ಜಲಪಾತವನ್ನು ಕಂಡು, ಅದರ ತುಂತುರಿನಲ್ಲಿ ಒಂದಷ್ಟು ಹೊತ್ತು ನೆನೆದು, ಸಂಜೆಗೆ ಮುನ್ನ ಹಿಂದಿರುಗುವವರು. ಕಿಗ್ಗದಲ್ಲಿ ಋಷ್ಯಶೃಂಗನ ದೇಗುಲವಿದೆ. ಮಳೆ ಬಾರದಿದ್ದಾಗ ಬರಲೆಂದೂ, ಬಂದದ್ದು ಅತಿಯಾದಾಗ ನಿಲ್ಲಲೆಂದೂ ಅಲ್ಲಿ ಪೂಜೆ ಸಲ್ಲಿಸುವ ವಾಡಿಕೆ ನಾಡಿಗೆಲ್ಲ ತಿಳಿದದ್ದು. ಆದರೆ ನರಸಿಂಹ ಪರ್ವತದ ಸೆರಗಿನಲ್ಲಿ ತೋಟ ಮಾಡಿಕೊಂಡು ನೆಲೆನಿಂತವರಿಗೆ ಮಳೆಯೆಂಬುದು ನೋಡಿ ಹೋಗುವ ನೋಟವಲ್ಲ. ವರುಷದಲ್ಲಿ ನಾಲ್ಕು ತಿಂಗಳು ಅದರೊಡನೆ ಒಂದೇ ಸೂರಿನಡಿ ಸಂಸಾರ ಮಾಡಬೇಕು. ಗೋಡೆ ಬೆವರುತ್ತದೆ, ಬಟ್ಟೆ ಒಣಗುವುದಿಲ್ಲ, ಪುಸ್ತಕಕ್ಕೆ ಬೂಷ್ಟು ಹಿಡಿಯುತ್ತದೆ. ಬೂಷ್ಟು ಬಿಟ್ಟದ್ದನ್ನು ಒರಲೆ ಹುಡುಕಿಕೊಂಡು ಬರುತ್ತದೆ. ಕಾಗದದ ಮೇಲೆ ಬರೆದಿಟ್ಟದ್ದು ಇಂಥಲ್ಲಿ ಒಂದು ತಲೆಮಾರು ಉಳಿದರೆ ಅದೇ ಹೆಚ್ಚು. ಆದುದರಿಂದಲೇ ಇಲ್ಲಿ ನೆಲೆಸಿರುವ ನಿವೃತ್ತ ಕನ್ನಡ ಅಧ್ಯಾಪಕರೊಬ್ಬರು ತಮ್ಮ ಬರಹವನ್ನೆಲ್ಲ ಕಾಗದದಿಂದ ತೆಗೆದು ಯಂತ್ರಕ್ಕೆ ಒಪ್ಪಿಸಿದ್ದರು. ಯಂತ್ರಕ್ಕೂ ಮುಪ್ಪು ಬರುತ್ತದೆಂಬುದನ್ನು, ಅದೂ ಕಾಗದಕ್ಕಿಂತ ಬೇಗನೆ ಬರುತ್ತದೆಂಬುದನ್ನು ಅವರಿಗೆ ಯಾರೂ ಹೇಳಿರಲಿಲ್ಲ.

ಅವರು ಶ್ರೀಮಠದ ಪ್ರೌಢಶಾಲೆಯಲ್ಲಿ ಮೂವತ್ತೆರಡು ವರುಷ ಕನ್ನಡ ಕಲಿಸಿ 2009ರಲ್ಲಿ ನಿವೃತ್ತರಾದವರು. ಬೀಳ್ಕೊಡುಗೆಯ ದಿನ ಹಳೆಯ ವಿದ್ಯಾರ್ಥಿಗಳು ಶಾಲು, ಫಲತಾಂಬೂಲಗಳೊಡನೆ ಒಂದು ಪುಟ್ಟ ಲ್ಯಾಪ್‌ಟಾಪನ್ನೂ ಅವರ ಕೈಗಿತ್ತರು. ಆ ಕಾಲಕ್ಕೆ ನೆಟ್‌ಬುಕ್ ಎಂದು ಕರೆಯಿಸಿಕೊಳ್ಳುತ್ತಿದ್ದ ಜಾತಿಯದು ಅದು. ಹತ್ತು ಅಂಗುಲದ ತೆರೆ. ಇಂಟೆಲ್ ಸಂಸ್ಥೆಯು 2008ರಲ್ಲಿ ಹೊರತಂದ ಆಟಂ ಎನ್270 ಎಂಬ ಪ್ರೊಸೆಸರ್. 1 ಜಿಬಿ ರ್‍ಯಾಮ್. 160 ಜಿಬಿ ಹಾರ್ಡ್ ಡಿಸ್ಕ್. ಅದರ ಮೇಲೆ ವಿಂಡೋಸ್ ಎಕ್ಸ್‌ಪಿ. ಹಗುರವಾಗಿರಲೆಂದು ಈ ಜಾತಿಯ ಯಂತ್ರಗಳಿಗೆ ಸಿ.ಡಿ. ಹಾಕುವ ಗೂಡನ್ನೇ ತಯಾರಕರು ಇಡುತ್ತಿರಲಿಲ್ಲ. ಅಂದು ಅದು ಯಾರಿಗೂ ಕೊರತೆಯೆಂದು ತೋರಲಿಲ್ಲ. ಮೊದಲ ಒಂದು ವರುಷ ಅಧ್ಯಾಪಕರು ಅದನ್ನು ಶಾಲಿನಲ್ಲಿಯೇ ಸುತ್ತಿ ಕಪಾಟಿನಲ್ಲಿಟ್ಟಿದ್ದರೆಂದು ಮನೆಯವರು ಇಂದಿಗೂ ನಗೆಯಾಡುತ್ತಾರೆ. ಆಮೇಲೆ ಅದನ್ನು ಕೆಳಗಿಳಿಸಿದ ಗಳಿಗೆಯಿಂದ ಅದು ಅವರ ಮಡಿಲು ಬಿಟ್ಟು ಹೋದದ್ದು ಅಪರೂಪ.

ಅದರಲ್ಲಿ ಅವರು ಕೂಡಿಡತೊಡಗಿದ್ದು ಸುತ್ತಲಿನ ಜನದ ಮಾತುಗಳನ್ನು. ಕೊಪ್ಪ, ಶೃಂಗೇರಿ, ನರಸಿಂಹರಾಜಪುರದ ಹಳ್ಳಿಗಳಲ್ಲಿ ತೋಟದ ಕೆಲಸಕ್ಕೆ, ಗದ್ದೆಗೆ, ಅಡುಗೆಮನೆಗೆ, ಮಳೆಗೆ ಇರುವ ಶಬ್ದಗಳು. ಅವನ್ನು ಯಾರು ಹೇಳಿದರು, ಯಾವ ಸಂದರ್ಭದಲ್ಲಿ ಹೇಳಿದರು ಎಂಬ ಒಂದೊಂದು ಸಾಲಿನ ಟಿಪ್ಪಣಿ. ಅಡಿಕೆ ಬೇಯಿಸಿದ ನೀರು ಚೊಗರು ಎಂಬುದೂ, ಕೊಳೆರೋಗ ತಟ್ಟದಂತೆ ಕೊನೆಗೆ ಹೊದಿಸುವುದು ಕೊಟ್ಟೆ ಎಂಬುದೂ, ಹಳ್ಳಕ್ಕೆ ಅಡ್ಡಲಾಗಿ ಮರ ಹಾಕಿದ್ದು ಸಂಕ ಎಂಬುದೂ ಇನ್ನೂ ಬಳಕೆಯಲ್ಲಿವೆ. ಕೇಳಿದರೆ ಯಾರಾದರೂ ಹೇಳುತ್ತಾರೆ. ಆದರೆ ಮಳೆಗೆ ಮೈಮೇಲೆ ಹೊದೆಯುತ್ತಿದ್ದ ಗೊರಬನ್ನು ಹೆಣೆಯುವಾಗ ಅದರ ಒಂದೊಂದು ಭಾಗಕ್ಕೂ ಇದ್ದ ಹೆಸರುಗಳನ್ನು ಹೇಳಿದ ಮುದುಕಿ ಈಗಿಲ್ಲ. ಗೊರಬೂ ಇಲ್ಲ, ಪ್ಲಾಸ್ಟಿಕ್ ಬಂದಿತು. ಹೀಗೆ ಹೇಳಿದವರು ಹೋಗಿ ಹೇಳಿದ್ದು ಮಾತ್ರ ಉಳಿದ ಶಬ್ದಗಳೇ ಆ ಸಂಗ್ರಹದಲ್ಲಿ ಅರ್ಧಕ್ಕೂ ಮಿಕ್ಕಿದ್ದವು. ಹದಿನಾಲ್ಕು ವರುಷಗಳ ದುಡಿಮೆ. ಅದರ ಒಂದು ಭಾಗವನ್ನು 2016ರಲ್ಲಿ ಪೆನ್ ಡ್ರೈವ್ ಒಂದಕ್ಕೆ ನಕಲು ಮಾಡಿಸಿದ್ದುಂಟು. ಆ ಮುಂದಿನದು ಈ ಯಂತ್ರದಲ್ಲಲ್ಲದೆ ಬೇರೆಲ್ಲಿಯೂ ಇರಲಿಲ್ಲ.

ವಿಂಡೋಸ್ ಎಕ್ಸ್‌ಪಿಗೆ ಅದರ ತಯಾರಕರ ಪೋಷಣೆ 2014ರ ಏಪ್ರಿಲ್ 8ರಂದು ನಿಂತುಹೋಯಿತು. ಅಧ್ಯಾಪಕರಿಗೆ ಆ ಸುದ್ದಿಯಿಂದ ಬಾಧೆಯಾಗಲಿಲ್ಲ. ಅವರು ಅಂತರ್ಜಾಲದ ಗೋಜಿಗೆ ಹೋದವರಲ್ಲ. ಯಂತ್ರ ವರುಷದಿಂದ ವರುಷಕ್ಕೆ ನಿಧಾನವಾಯಿತು. ಗುಂಡಿಯೊತ್ತಿ, ಸ್ನಾನ ಮುಗಿಸಿ, ಇಷ್ಟಲಿಂಗ ಪೂಜೆ ಮುಗಿಸಿ, ಕಾಫಿ ಕುಡಿದು ಬರುವ ಹೊತ್ತಿಗೆ ಅದು ಸಿದ್ಧವಾಗಿರುತ್ತಿತ್ತು. ಈ ಹೊಂದಾಣಿಕೆಗೆ ಇಬ್ಬರೂ ಒಗ್ಗಿದ್ದರು. 2025ರ ಜೂನ್ ತಿಂಗಳ ಒಂದು ಬೆಳಗ್ಗೆ ಪೂಜೆ, ಕಾಫಿ ಎರಡೂ ಮುಗಿದರೂ ತೆರೆಯ ಮೇಲೆ ತಯಾರಕರ ಲಾಂಛನವೇ ನಿಂತಿತ್ತು. ಅದು ಮಾಯವಾಗಿ ಕತ್ತಲಾಗಿ ಮತ್ತೆ ಅದೇ ಲಾಂಛನ ಬಂದಿತು. ದಿನವಿಡೀ ಹೀಗೆಯೇ.

ಪೇಟೆಯ ಅಂಗಡಿಯೊಂದಕ್ಕೆ ಒಯ್ದು ತೋರಿಸಿದಾಗ ಅಲ್ಲಿಯ ಹುಡುಗ ಹೇಳಿದ್ದು ಎರಡೇ ಮಾತು. ‘ಸಿ ಡ್ರೈವ್ ಫಾರ್ಮ್ಯಾಟ್ ಮಾಡಿ ಹೊಸದು ಹಾಕ್ಬೇಕು ಸಾರ್. ಡಿ ಡ್ರೈವ್‌ಗೆ ಏನೂ ಆಗಲ್ಲ.’ ಜೊತೆಗೆ, ಇಷ್ಟು ಹಳೆಯದಕ್ಕೆ ದುಡ್ಡು ಹಾಕುವ ಬದಲು ಹೊಸದೊಂದನ್ನು ಕೊಳ್ಳಬಹುದೆಂಬ ಸಲಹೆ. ಹುಡುಗ ಹೇಳಿದ್ದರಲ್ಲಿ ಸುಳ್ಳೇನೂ ಇರಲಿಲ್ಲ. ನಾಡಿನ ಎಲ್ಲ ಅಂಗಡಿಗಳಲ್ಲಿಯೂ ಇದೇ ಮಾತನ್ನು ಹೇಳುತ್ತಾರೆ. ಅಧ್ಯಾಪಕರು ನಾಳೆ ತಿಳಿಸುವೆನೆಂದು ಹೇಳಿ, ಯಂತ್ರವನ್ನು ಚೀಲದಲ್ಲಿಟ್ಟುಕೊಂಡು, ಬಸ್ಸು ಹತ್ತಿ ಮನೆಗೆ ಬಂದರು. ಆ ನಾಳೆ ಬರಲು ಒಂದು ತಿಂಗಳು ಹಿಡಿಯಿತು. ಹಾಗೆ ತಡವಾದದ್ದೇ ಒಳ್ಳೆಯದಾಯಿತೆಂಬುದು ಮುಂದೆ ತಿಳಿಯುತ್ತದೆ.

ಗಣಕಯಂತ್ರದ ಪರಿಚಯವಿಲ್ಲದ ಹಿರಿಯ ಓದುಗರಿಗಾಗಿ ಇಲ್ಲಿ ಒಂದು ವಿಷಯವನ್ನು ಬಿಡಿಸಿ ಹೇಳುವುದು ಉಚಿತ. ಆಪರೇಟಿಂಗ್ ಸಿಸ್ಟಂ ಅಥವಾ ಕಾರ್ಯಾಚರಣ ವ್ಯವಸ್ಥೆಯೆಂಬುದು ಯಂತ್ರದ ಪಾರುಪತ್ಯಗಾರ. ಕೀಲಿಮಣೆಯಲ್ಲಿ ಒತ್ತಿದ್ದನ್ನು ತೆರೆಗೆ ಮುಟ್ಟಿಸುವುದು, ಬರೆದದ್ದನ್ನು ಡಿಸ್ಕಿನಲ್ಲಿ ಎಲ್ಲಿ ಇಟ್ಟಿದೆಯೆಂದು ಲೆಕ್ಕವಿಡುವುದು, ಯಾವ ಕೆಲಸಕ್ಕೆ ಎಷ್ಟು ಜಾಗ ಕೊಡಬೇಕೆಂದು ತೀರ್ಮಾನಿಸುವುದು ಎಲ್ಲವೂ ಅವನ ಹೊಣೆ. ಪಾರುಪತ್ಯಗಾರ ಹಾಸಿಗೆ ಹಿಡಿದರೆ ಉಗ್ರಾಣದಲ್ಲಿ ದವಸವಿದ್ದರೂ ದಾಸೋಹ ನಡೆಯುವುದಿಲ್ಲ. ಅಧ್ಯಾಪಕರ ಯಂತ್ರದಲ್ಲಿ ಕೆಟ್ಟಿದ್ದು ಪಾರುಪತ್ಯಗಾರ, ಉಗ್ರಾಣವಲ್ಲ. ಹೊಸಬನನ್ನು ನೇಮಿಸೋಣವೆಂದರೆ, ಇಂದಿನ ವಿಂಡೋಸ್ 11 ಎಂಬುದು ಕನಿಷ್ಠ 4 ಜಿಬಿ ರ್‍ಯಾಮನ್ನೂ 64-ಬಿಟ್‌ನ ಪ್ರೊಸೆಸರನ್ನೂ ಕೇಳುತ್ತದೆ. ಈ ಯಂತ್ರದ್ದು 32-ಬಿಟ್‌ನ ಹಳೆಯ ಕಾಲದ ಪ್ರೊಸೆಸರ್; ರ್‍ಯಾಮ್ ಕೇಳಿದ್ದರ ಕಾಲು ಭಾಗ. ವಿಂಡೋಸ್ 10 ಹೇಗೋ ತೆವಳುತ್ತಿತ್ತೇನೋ. ಆದರೆ ಅದರ ಪೋಷಣೆಯೂ 2025ರ ಅಕ್ಟೋಬರ್ 14ಕ್ಕೆ ಮುಗಿಯುವುದೆಂದು ಆಗಲೇ ಗೊತ್ತಾಗಿತ್ತು.

ಜುಲೈ ತಿಂಗಳಲ್ಲಿ, ಪುನರ್ವಸು ಮಳೆ ಹಿಡಿದು ಹೊಡೆಯುತ್ತಿದ್ದಾಗ, ಶಿವಮೊಗ್ಗದಲ್ಲಿ ಡಿಪ್ಲೊಮಾ ಓದುತ್ತಿರುವ ಅವರ ತಮ್ಮನ ಮಗಳು ನಾಲ್ಕು ದಿನದ ಬಿಡುವಿಗೆಂದು ಸಿರಿಮನೆಗೆ ಬಂದಳು. ದೂರವಾಣಿಯಲ್ಲಿ ಮೊದಲೇ ವಿಷಯ ತಿಳಿದಿದ್ದರಿಂದ ಅವಳು ಬರಿಗೈಯಲ್ಲಿ ಬರಲಿಲ್ಲ. ಎರಡು ಪೆನ್ ಡ್ರೈವ್‌ಗಳನ್ನು ಸಿದ್ಧಪಡಿಸಿಕೊಂಡು ತಂದಿದ್ದಳು. ಒಂದರಲ್ಲಿ ಡೆಬಿಯನ್ 12. ಇನ್ನೊಂದರಲ್ಲಿ ಪಪ್ಪಿ ಲಿನಕ್ಸಿನ ಒಂದು ಹಳೆಯ, ಚಿಕ್ಕ ಆವೃತ್ತಿ.

ಈ ಎರಡು ಹೆಸರುಗಳ ಹಿಂದೆ ಒಂದು ದೊಡ್ಡ ಕಥೆಯಿದೆ. ಚಿಕ್ಕದಾಗಿ ಹೇಳುವುದಾದರೆ ಹೀಗೆ. ತಂತ್ರಾಂಶವನ್ನು ಬಳಸುವ, ಅದರ ಒಳಗನ್ನು ಓದುವ, ತಿದ್ದುವ, ಹಂಚುವ ಹಕ್ಕು ಎಲ್ಲರಿಗೂ ಇರಬೇಕೆಂದು ಅಮೆರಿಕದ ರಿಚರ್ಡ್ ಸ್ಟಾಲ್ಮನ್ ಎಂಬವರು 1983ರಲ್ಲಿ ಗ್ನೂ ಯೋಜನೆಯನ್ನು ಸಾರಿದರು. ಫಿನ್ಲೆಂಡಿನ ವಿದ್ಯಾರ್ಥಿ ಲೀನಸ್ ಟೋರ್ವಾಲ್ಡ್ಸ್ 1991ರಲ್ಲಿ ಲಿನಕ್ಸ್ ಎಂಬ ತಿರುಳನ್ನು ಬರೆದು ಹಂಚಿದರು. ಇವೆರಡನ್ನೂ ಕೂಡಿಸಿ, ಸಾವಿರಾರು ತಂತ್ರಾಂಶಗಳನ್ನು ಜೋಡಿಸಿ, ಒಂದು ಪೂರ್ಣ ವ್ಯವಸ್ಥೆಯಾಗಿ ಒದಗಿಸುವ ಕೆಲಸವನ್ನು ಇಯಾನ್ ಮರ್ಡಾಕ್ ಎಂಬ ತರುಣ 1993ರಲ್ಲಿ ಆರಂಭಿಸಿದ. ತನ್ನ ಗೆಳತಿ ಡೆಬ್ರಾಳ ಹೆಸರನ್ನೂ ತನ್ನ ಹೆಸರನ್ನೂ ಬೆಸೆದು ಅದಕ್ಕೆ ಡೆಬಿಯನ್ ಎಂದು ಕರೆದ. ಅಂದಿನಿಂದ ಇಂದಿನವರೆಗೆ ಅದನ್ನು ನಡೆಸಿಕೊಂಡು ಬಂದವರು ಜಗತ್ತಿನ ಹಲವು ದೇಶಗಳ ಸ್ವಯಂಸೇವಕರು. ಪಪ್ಪಿ ಲಿನಕ್ಸನ್ನು ಆಸ್ಟ್ರೇಲಿಯದ ಬ್ಯಾರಿ ಕೌಲರ್ ಎಂಬವರು 2003ರಲ್ಲಿ ಹೊರತಂದರು. ಇಂಗ್ಲಿಷಿನಲ್ಲಿ ಈ ಬಗೆಯ ತಂತ್ರಾಂಶಕ್ಕಿರುವ ಹೆಸರು ಪುಕ್ಕಟೆ ಎಂಬ ಅರ್ಥವನ್ನೂ ಕೊಟ್ಟು ಗೊಂದಲವೆಬ್ಬಿಸುತ್ತದೆ. ಕನ್ನಡಕ್ಕೆ ಆ ತೊಂದರೆಯಿಲ್ಲ; ಉಚಿತವೇ ಬೇರೆ, ಸ್ವತಂತ್ರವೇ ಬೇರೆ. ಅಧ್ಯಾಪಕರಿಗೆ ಇಡೀ ವಿವರಣೆಯಲ್ಲಿ ಹೆಚ್ಚು ಹಿಡಿಸಿದ್ದು ಈ ಶಬ್ದವಿವೇಕವೇ.

ಇನ್ನು ಕೆಲಸಕ್ಕೆ ಬಂದರೆ, ಮೊದಲ ಅಡ್ಡಿ ಎದುರಾದದ್ದು ಬಾಗಿಲಲ್ಲಿಯೇ. ಸಿ.ಡಿ. ಗೂಡು ಮೊದಲೇ ಇಲ್ಲ. ಪೆನ್ ಡ್ರೈವ್ ಸಿಕ್ಕಿಸುವ ಯು.ಎಸ್.ಬಿ. ಕಿಂಡಿಗಳು ಮೂರಿದ್ದವು; ಅವುಗಳಲ್ಲಿ ಒಂದು ಥಂಡಿಗೆ ತುಕ್ಕು ಹಿಡಿದಿತ್ತು, ಇನ್ನೊಂದರ ನಾಲಗೆ ಮುರಿದಿತ್ತು. ಉಳಿದದ್ದು ಒಂದೇ ಕಿಂಡಿ. ಹೊಸ ವ್ಯವಸ್ಥೆಯನ್ನು ಹೊತ್ತ ಪೆನ್ ಡ್ರೈವ್ ಅಲ್ಲಿ ಕುಳಿತರೆ ಹಳೆಯ ಕಡತಗಳನ್ನು ತುಂಬಿಕೊಳ್ಳುವ ಪೆನ್ ಡ್ರೈವ್‌ಗೆ ಜಾಗವಿಲ್ಲ. ಹದಿನಾರು ವರುಷ ತಿರುಗಿದ ಹಾರ್ಡ್ ಡಿಸ್ಕಿನ ಮೇಲೆ ನಕಲು ತೆಗೆಯದೆ ಕೈಯಿಡುವುದು ಅವಿವೇಕ. ನಕಲು ತೆಗೆಯೋಣವೆಂದರೆ ಯಂತ್ರ ಏಳುವುದಿಲ್ಲ. ಎಬ್ಬಿಸೋಣವೆಂದರೆ ಇರುವ ಒಂದೇ ಕಿಂಡಿ ಅದಕ್ಕೇ ಮುಗಿಯಿತು.

ಪಪ್ಪಿ ಲಿನಕ್ಸನ್ನು ಹುಡುಗಿ ತಂದದ್ದು ಈ ತೊಡಕಿಗೇ. ಅದರ ಗಾತ್ರ ಕೆಲವು ನೂರು ಎಂ.ಬಿ.ಗಳಷ್ಟೇ. ಹೊರಡುವಾಗ ಹಾಗೆಂದು ಸೂಚಿಸಿದರೆ ಅದು ಪೂರ್ತಿಯಾಗಿ ರ್‍ಯಾಮಿಗೆ ಏರಿ ಕುಳಿತುಬಿಡುತ್ತದೆ. ಆಮೇಲೆ ಅದು ಬಂದ ಪೆನ್ ಡ್ರೈವನ್ನು ಕಿತ್ತು ತೆಗೆದರೂ ಅದಕ್ಕೆ ಚಿಂತೆಯಿಲ್ಲ. ಹೊಳೆ ದಾಟಿದ ಮೇಲೆ ಸಂಕವನ್ನು ಎತ್ತಿಟ್ಟಂತೆ. ಯಂತ್ರವನ್ನು ಚಾಲೂ ಮಾಡಿ, ಬೂಟ್ ಆಗುವ ಕ್ರಮದಲ್ಲಿ ಹಾರ್ಡ್ ಡಿಸ್ಕಿಗಿಂತ ಮುಂದಕ್ಕೆ ಯು.ಎಸ್.ಬಿ.ಯನ್ನು ತಂದು, ಪಪ್ಪಿಯನ್ನು ಒಳಗೆ ಬಿಟ್ಟುಕೊಂಡದ್ದಾಯಿತು. ಒಂದು ತಿಂಗಳಿಂದ ಲಾಂಛನದಾಚೆಗೆ ಏನನ್ನೂ ತೋರದಿದ್ದ ತೆರೆ ಎರಡು ಮೂರು ನಿಮಿಷಗಳಲ್ಲಿ ಬೆಳಗಿತು. ಅಧ್ಯಾಪಕರು ಒಳಗಿನಿಂದ ಕನ್ನಡಕ ತಂದು ಹಾಕಿಕೊಂಡು ಕುಳಿತರು.

ಲಿನಕ್ಸಿನಲ್ಲಿ ಸಿ, ಡಿ ಎಂಬ ಡ್ರೈವ್‌ಗಳ ಹೆಸರಿಲ್ಲ. ಡಿಸ್ಕಿನ ಮೊದಲ ವಿಭಾಗ ಎಸ್‌ಡಿಎ1; ವಿಂಡೋಸ್ ಡಿ ಎಂದು ಕರೆಯುತ್ತಿದ್ದದ್ದು ಈ ಯಂತ್ರದಲ್ಲಿ ಎಸ್‌ಡಿಎ5. ತೆರೆಯ ಕೆಳಗೆ ಎರಡು ಪುಟ್ಟ ಚಿತ್ರಗಳಾಗಿ ಅವು ಕಂಡವು. ಐದನೆಯದನ್ನು ಒತ್ತಿದಾಗ ಒಂದು ಕಡತದ ಚೀಲ ತೆರೆಯಿತು. ‘ಶಬ್ದ’ ಎಂಬ ಹೆಸರಿನದು. ಅಧ್ಯಾಪಕರ ಮುಖ ಅರಳಿತು. ಅವರು ನೆನಪಿಟ್ಟುಕೊಂಡಿದ್ದ ಹೆಸರೇ ಅದು. ಹುಡುಗಿ ಮಾತ್ರ ಅದರೊಳಗಿನ ಕಡತಗಳ ತಾರೀಕುಗಳನ್ನು ಕೆಳಗಿನವರೆಗೂ ನೋಡಿ, ಮತ್ತೆ ಮೇಲಿನಿಂದ ನೋಡಿ, ಕೇಳಿದಳು:

‘ದೊಡ್ಡಪ್ಪಾ, ಇದರಲ್ಲಿ 2018ರಿಂದ ಈಚೆಗೆ ಏನೂ ಇಲ್ಲವಲ್ಲ. ಆಮೇಲೆ ಬರೆದದ್ದನ್ನು ಎಲ್ಲಿ ಇಡ್ತಿದ್ರಿ?’

‘ಅಲ್ಲೇ ಪುಟ್ಟಿ. ಇನ್ನೆಲ್ಲಿ?’

‘ಅಲ್ಲೇ ಅಂದ್ರೆ? ತೆರೆದ ಮೇಲೆ ಒಳಗೆ ಹೋಗಿ ಹುಡುಕ್ತಿದ್ರಾ, ಇಲ್ಲಾ ಎದುರಿಗೇ ಇತ್ತಾ?’

‘ಎದುರಿಗೇ ಇತ್ತು. ಕಣ್ಣು ಸಾಲದೆ ಬಂದ ಮೇಲೆ ಒಳಗೆ ಹೋಗಿ ಹುಡುಕೋದು ಕಷ್ಟ ಆಯ್ತು. ಚಾಲೂ ಮಾಡಿದ ಕೂಡಲೇ ಕಾಣೋ ಹಾಗೆ ಯಾರೋ ಇಟ್ಟುಕೊಟ್ಟಿದ್ದರು.’

ಎದುರಿಗೆ ಕಾಣುವ ಆ ಅಂಗಳಕ್ಕೆ ಡೆಸ್ಕ್‌ಟಾಪ್ ಎಂದು ಹೆಸರು. ಅಲ್ಲಿ ಇಟ್ಟದ್ದು ಎಲ್ಲಕ್ಕೂ ಹೊರಗೆ, ಕೈಗೆಟುಕುವಂತೆ ಇದೆಯೆಂದು ನೋಡುವವರಿಗೆ ತೋರುತ್ತದೆ. ವಾಸ್ತವದಲ್ಲಿ ಎಕ್ಸ್‌ಪಿಯಲ್ಲಿ ಅದು ಇರುವುದು ಸಿ ಡ್ರೈವಿನೊಳಗೆ, ಡಾಕ್ಯುಮೆಂಟ್ಸ್ ಅಂಡ್ ಸೆಟ್ಟಿಂಗ್ಸ್ ಎಂಬ ಚೀಲದೊಳಗೆ, ಬಳಸುವವರ ಹೆಸರಿನ ಇನ್ನೊಂದು ಚೀಲದೊಳಗೆ. ಮೈ ಡಾಕ್ಯುಮೆಂಟ್ಸ್ ಎಂಬುದರ ಹಣೆಬರಹವೂ ಇದೇ. ಸಿ ಡ್ರೈವನ್ನು ಫಾರ್ಮ್ಯಾಟ್ ಮಾಡಿದರೆ ಡಿಗೆ ಏನೂ ಆಗುವುದಿಲ್ಲವೆಂಬ ಮಾತು ಎಷ್ಟು ಸತ್ಯವೋ, ಅಷ್ಟೇ ನಿಶ್ಚಯವಾಗಿ ಆ ಮಾತನ್ನು ನಂಬಿ ‘ಆಗಲಿ’ ಎಂದಿದ್ದರೆ ಏಳು ವರುಷಗಳ ಶಬ್ದಗಳು ಅಂಗಡಿಯ ಮೇಜಿನ ಮೇಲೆಯೇ ಅಳಿದುಹೋಗುತ್ತಿದ್ದವು. ಗೊರಬಿನ ಹೆಸರುಗಳು ಆ ಏಳು ವರುಷಗಳಲ್ಲಿಯೇ ಸೇರಿದ್ದವು. ಹುಡುಗಿ ಎಸ್‌ಡಿಎ1ನ್ನು ತೆರೆದು ಒಂದರೊಳಗೊಂದು ಚೀಲ ಬಿಚ್ಚುತ್ತ ಹೋದಳು. ಕೊನೆಯ ಚೀಲದಲ್ಲಿ ನಲವತ್ತೊಂದು ಕಡತಗಳಿದ್ದವು.

ಅಧ್ಯಾಪಕರು ಬಹಳ ಹೊತ್ತು ಮಾತಾಡಲಿಲ್ಲ. ಅವರ ಹಳೆಯ 4 ಜಿಬಿ ಪೆನ್ ಡ್ರೈವನ್ನು ಕಿಂಡಿಗೆ ಸಿಕ್ಕಿಸಿ ಎರಡು ಕಡೆಯ ಕಡತಗಳನ್ನೂ ಅದಕ್ಕೆ ತುಂಬಲಾಯಿತು. ಅದನ್ನು ತೆಗೆದು, ಪಪ್ಪಿ ಬಂದಿದ್ದ ಪೆನ್ ಡ್ರೈವಿನಲ್ಲಿ ಉಳಿದಿದ್ದ ಜಾಗಕ್ಕೂ ಅವನ್ನೇ ಇನ್ನೊಮ್ಮೆ ತುಂಬಲಾಯಿತು. ಎರಡು ಪ್ರತಿಗಳು ಕೈಗೆ ಬಂದ ಮೇಲೆಯೇ, ಅಂದರೆ ಮರುದಿನ, ಹೊಸ ವ್ಯವಸ್ಥೆಯ ಪ್ರತಿಷ್ಠಾಪನೆ.

ಮರುದಿನ ವಿದ್ಯುತ್ತು ಇರಲಿಲ್ಲ. ಎಲ್ಲೋ ಮರ ಬಿದ್ದು ತಂತಿ ಹರಿದಿತ್ತು. ಈ ಭಾಗದಲ್ಲಿ ಅದು ವಿಶೇಷವಲ್ಲ. ಯಂತ್ರದ ಬ್ಯಾಟರಿ ಸತ್ತು ಎಷ್ಟೋ ವರುಷಗಳಾಗಿದ್ದವು. ಆದರೆ ಮಲೆನಾಡಿನ ಹಲವು ತೋಟದ ಮನೆಗಳಲ್ಲಿರುವಂತೆ ಈ ಮನೆಯ ಹಿಂದಿನ ಹಳ್ಳಕ್ಕೂ ಒಂದು ಪುಟ್ಟ ಟರ್ಬೈನು ಕೂಡಿಸಲಾಗಿತ್ತು. ಗುಡ್ಡದ ಮೇಲಿಂದ ಪೈಪಿನಲ್ಲಿ ಇಳಿದ ನೀರು ಅದರ ಚಕ್ರವನ್ನು ತಿರುಗಿಸುತ್ತದೆ. ಒಂದು ಕಿಲೋವ್ಯಾಟಿನಷ್ಟು ವಿದ್ಯುತ್ತು ಹುಟ್ಟುತ್ತದೆ. ಬೇಸಗೆಯಲ್ಲಿ ಹಳ್ಳ ಬತ್ತಿದರೆ ಇದೂ ಮಲಗುತ್ತದೆ. ಮಳೆಗಾಲದಲ್ಲಿ ಸರಕಾರದ ತಂತಿ ಮಲಗಿದಾಗ ಇದು ಎಚ್ಚರವಾಗಿರುತ್ತದೆ. ಇಂಥ ಯಂತ್ರದ ಮೇಲಿನ ಹೊರೆ ಒಮ್ಮೆಲೇ ಏರಿಳಿಯಬಾರದು. ಆದುದರಿಂದ ಮಿಕ್ಕ ವಿದ್ಯುತ್ತನ್ನು ಸುಡಲು ಕೆಲವು ಮನೆಗಳಲ್ಲಿ ಹಗಲೂ ದೀಪ ಉರಿಯುತ್ತಿರುತ್ತದೆ. ಪೇಟೆಯಿಂದ ಬಂದವರು ಅದನ್ನು ದುಂದು ಎಂದು ತಿಳಿಯುವುದುಂಟು. ಅಂದು ಮನೆಯವರಿಗೆ ಮಿಕ್ಸಿ ಹಾಕಬಾರದೆಂದು ಕಟ್ಟಪ್ಪಣೆಯಾಯಿತು. ಚಟ್ನಿಯನ್ನು ಒರಳಿನಲ್ಲಿ ರುಬ್ಬಿದರು.

ಡೆಬಿಯನ್ನಿನ ಅನುಸ್ಥಾಪಕವು ಮೊದಲು ಕೇಳುವ ಪ್ರಶ್ನೆ ಭಾಷೆ ಯಾವುದೆಂಬುದು. ಪಟ್ಟಿಯಲ್ಲಿ ಕನ್ನಡವೂ ಇದೆ. ಅದನ್ನು ಆರಿಸಿದ ಮೇಲೆ ಯಂತ್ರ ಕೇಳುವುದೆಲ್ಲ ಕನ್ನಡದಲ್ಲಿಯೇ. ಅಧ್ಯಾಪಕರು ಅಲ್ಲಿಯವರೆಗೆ ಪ್ರೇಕ್ಷಕರಾಗಿದ್ದವರು, ಕುರ್ಚಿ ಮುಂದಕ್ಕೆಳೆದು ಒಂದೊಂದು ವಾಕ್ಯವನ್ನೂ ಗಟ್ಟಿಯಾಗಿ ಓದತೊಡಗಿದರು. ಕೆಲವು ವಾಕ್ಯಗಳ ಅನ್ವಯ ಅವರಿಗೆ ಒಪ್ಪಿಗೆಯಾಗಲಿಲ್ಲ. ಒಂದೆರಡನ್ನು ತಿದ್ದಿಯೂ ಹೇಳಿದರು. ಯಾರೋ ಕನ್ನಡಿಗರು ಸಂಬಳವಿಲ್ಲದೆ ಕುಳಿತು ಇಷ್ಟನ್ನೂ ಅನುವಾದಿಸಿದ್ದಾರೆಂದು ತಿಳಿದಾಗ ತಿದ್ದುವುದನ್ನು ನಿಲ್ಲಿಸಿದರು. ತಿದ್ದಿದ್ದನ್ನು ಕಳುಹಿಸಿದರೆ ಸೇರಿಸಿಕೊಳ್ಳುತ್ತಾರೆಂದು ಹುಡುಗಿ ಹೇಳಿದಾಗ ಮತ್ತೆ ಆರಂಭಿಸಿದರು.

ಕಠಿಣವಾದ ಗಳಿಗೆ ಬಂದದ್ದು ಡಿಸ್ಕಿನ ವಿಭಾಗದಲ್ಲಿ. ಇಡೀ ಡಿಸ್ಕನ್ನು ಬಳಸಿಕೊಳ್ಳಲೇ ಎಂದು ಅನುಸ್ಥಾಪಕ ಕೇಳುತ್ತದೆ. ಅವಸರದಲ್ಲಿ ಹೌದೆಂದರೆ ಇಡೀ ಡಿಸ್ಕು ಅಳಿಯುತ್ತದೆ. ಡಿ ಡ್ರೈವಿನಲ್ಲಿ ಕಡತಗಳಲ್ಲದೆ ಶಾಲೆಯ ಹಳೆಯ ಸಮಾರಂಭಗಳ ಚಿತ್ರಗಳೂ ಇದ್ದವು. ಅವೆಲ್ಲಕ್ಕೂ ಪೆನ್ ಡ್ರೈವ್‌ಗಳಲ್ಲಿ ಜಾಗ ಸಾಲದೆ ಉಳಿದುಕೊಂಡಿದ್ದವು. ಹುಡುಗಿ ‘ಕೈಯಾರೆ’ ಎಂಬ ಕೊನೆಯ ದಾರಿಯನ್ನು ಹಿಡಿದಳು. ಆಗ ತೆರೆಯ ಮೇಲೆ ಎರಡು ವಿಭಾಗಗಳು ಕಾಣಿಸಿಕೊಂಡವು: ಒಂದು 80.0 ಜಿಬಿ, ಇನ್ನೊಂದೂ 80.0 ಜಿಬಿ. ಅವಳಿಗಳಂತೆ. ಎರಡರದ್ದೂ ಎನ್‌ಟಿಎಫ್‌ಎಸ್ ಎಂಬ ಒಂದೇ ವಿನ್ಯಾಸ.

‘ವಿಂಡೋಸಿನಲ್ಲಿ ಎಪ್ಪತ್ತನಾಲ್ಕು ಚಿಲ್ಲರೆ ಅಂತಿತ್ತಲ್ಲ’ ಎಂದರು ಅಧ್ಯಾಪಕರು. ಇದಕ್ಕೆ ಕಾರಣವುಂಟು. ವಿಂಡೋಸ್ ಒಂದು ಕೆ.ಬಿ.ಗೆ 1,024 ಬೈಟುಗಳೆಂದು ಎಣಿಸುತ್ತದೆ. ಡೆಬಿಯನ್ನಿನ ಅನುಸ್ಥಾಪಕ ಸಾವಿರವೆಂದು ಎಣಿಸುತ್ತದೆ. ಸೇರಿನಿಂದ ಅಳೆದ ಭತ್ತವನ್ನು ಕಿಲೋದಲ್ಲಿ ತೂಗಿದಂತೆ. ಭತ್ತ ಅಷ್ಟೇ, ಅಂಕಿ ಬೇರೆ. ಗಾತ್ರ ಒಂದೇ ಆದುದರಿಂದ ಸಂಖ್ಯೆಯ ಕ್ರಮವೇ ಆಧಾರ. ನಿನ್ನೆ ಪಪ್ಪಿಯಲ್ಲಿ ವಿಂಡೋಸಿನ ಚೀಲ ಕಂಡದ್ದು ಒಂದನೆಯದರಲ್ಲಿ. ‘ಶಬ್ದ’ ಕಂಡದ್ದು ಐದನೆಯದರಲ್ಲಿ. ಹುಡುಗಿ ಇದನ್ನು ಕಾಗದದಲ್ಲಿ ಬರೆದಿಟ್ಟುಕೊಂಡಿದ್ದಳು. ಆದರೂ ಒಂದನೆಯದನ್ನು ಅಳಿಸುವ ಮುನ್ನ ಬೆರಳು ತಡೆಯಿತು. ಅಧ್ಯಾಪಕರು ಎದ್ದು ಹೋಗಿ ಎರಡು ಪೆನ್ ಡ್ರೈವ್‌ಗಳನ್ನೂ ದೇವರ ಕೋಣೆಯಿಂದ ತಂದು ಮೇಜಿನ ಮೇಲಿಟ್ಟುಕೊಂಡರು. ‘ಒತ್ತು’ ಎಂದರು.

ಒಂದನೆಯ ವಿಭಾಗ ಅಳಿಯಿತು. ಆ ಜಾಗದಲ್ಲಿ 2 ಜಿಬಿಯನ್ನು ಸ್ವ್ಯಾಪ್‌ಗೆ ಬಿಟ್ಟು (ರ್‍ಯಾಮ್ ಸಾಲದೆ ಬಂದಾಗ ಸಾಮಾನು ಇಳಿಸಲು ಇರುವ ಜಗುಲಿಯದು) ಉಳಿದದ್ದನ್ನು ಹೊಸ ವ್ಯವಸ್ಥೆಗೆ ಕೊಟ್ಟದ್ದಾಯಿತು. ಐದನೆಯದನ್ನು ಮುಟ್ಟಲಿಲ್ಲ. ತೆರೆಯ ವಿನ್ಯಾಸಗಳಲ್ಲಿ ಹಗುರವಾದ ಎಲ್‌ಎಕ್ಸ್‌ಡಿಇ ಎಂಬುದನ್ನು ಆರಿಸಲಾಯಿತು; ಸಿಂಗಾರ ಹೆಚ್ಚಿರುವವು 1 ಜಿಬಿಯಲ್ಲಿ ಉಸಿರುಗಟ್ಟುತ್ತವೆ. ಎರಡು ಗಂಟೆಗೂ ಮಿಕ್ಕಿ ನೀಲಿ ಪಟ್ಟಿ ಇಷ್ಟಿಷ್ಟೇ ಮುಂದುವರಿಯಿತು. ಹಳ್ಳದ ನೀರು ತಪ್ಪಲಿಲ್ಲ. ಸಂಜೆಯ ಹೊತ್ತಿಗೆ ಯಂತ್ರ ಪೆನ್ ಡ್ರೈವಿನ ಆಸರೆಯಿಲ್ಲದೆ ತಾನಾಗಿ ಎದ್ದಿತು.

ಆದರೆ ಶಬ್ದಗಳ ಕಡತವನ್ನು ತೆರೆದಾಗ ಕಂಡದ್ದು ಶಬ್ದಗಳಲ್ಲ. ಕೊಂಬು, ಬಾಲ, ಟೊಪ್ಪಿ ತೊಟ್ಟ ರೋಮನ್ ಅಕ್ಷರಗಳ ಒಂದು ಸಂತೆ. ಎಲ್ಲವೂ ಕೆಟ್ಟುಹೋಯಿತೆಂದು ಅಧ್ಯಾಪಕರು ತಲೆಯ ಮೇಲೆ ಕೈಹೊತ್ತು ಕುಳಿತರು. ಕೆಟ್ಟಿರಲಿಲ್ಲ. ಅವರು ಬರೆದದ್ದು ನುಡಿ ತಂತ್ರಾಂಶದಲ್ಲಿ. ಕನ್ನಡ ಗಣಕ ಪರಿಷತ್ತು ರೂಪಿಸಿದ, ಕೆ.ಪಿ. ರಾವ್ ಅವರ ಕೀಲಿಮಣೆ ವಿನ್ಯಾಸವನ್ನು ಆಧರಿಸಿದ, ಸರಕಾರಿ ಕಚೇರಿಗಳಲ್ಲಿಯೂ ಮುದ್ರಣಾಲಯಗಳಲ್ಲಿಯೂ ಮನೆಮಾತಾದ ತಂತ್ರಾಂಶವದು. ಅದರಿಂದ ಕನ್ನಡಕ್ಕಾದ ಉಪಕಾರ ಸಣ್ಣದಲ್ಲ. ಆದರೆ ಅದರ ಹಳೆಯ ಕ್ರಮದಲ್ಲಿ ಯಂತ್ರದೊಳಗೆ ಉಳಿಯುವುದು ರೋಮನ್ ಅಕ್ಷರಗಳ ಸಂಕೇತಗಳೇ. ಅವುಗಳ ಮೇಲೆ ಕನ್ನಡದ ವೇಷ ತೊಡಿಸುವುದು ನುಡಿಯ ಫಾಂಟು. ಫಾಂಟು ಇಲ್ಲದಿದ್ದರೆ ವೇಷ ಕಳಚುತ್ತದೆ. ಆ ಫಾಂಟು ಇದ್ದದ್ದು ಅಳಿಸಿಹಾಕಿದ ಸಿ ಡ್ರೈವಿನಲ್ಲಿ.

ಹುಡುಗಿ ಕೊಡೆ ಹಿಡಿದು, ಉಂಬಳಗಳನ್ನು ಲೆಕ್ಕಿಸದೆ, ಮೊಬೈಲಿಗೆ ಸಿಗ್ನಲ್ ಸಿಗುವ ರಸ್ತೆಯ ತಿರುವಿನವರೆಗೆ ಹೋಗಿ ಬಂದಳು. ನುಡಿ ಉಚಿತವಾಗಿ ದೊರೆಯುವ ತಂತ್ರಾಂಶವಾದುದರಿಂದ ಫಾಂಟು ಸಿಕ್ಕಿತು. ಅದನ್ನು ಸೇರಿಸಿದ ಕೂಡಲೇ ಕನ್ನಡ ಮರಳಿ ಬಂದಿತು. ಇಷ್ಟಕ್ಕೇ ನಿಲ್ಲಿಸಬಹುದಾಗಿತ್ತು. ಆದರೆ ಒಂದು ಫಾಂಟನ್ನು ನಂಬಿ ಬದುಕುವ ಬರಹ ಎಷ್ಟು ದಿನದ್ದು? ಯೂನಿಕೋಡ್ ಎಂಬ ಜಾಗತಿಕ ಶಿಷ್ಟತೆಯಲ್ಲಿ 1991ರ ಮೊದಲ ಆವೃತ್ತಿಯಿಂದಲೇ ಕನ್ನಡಕ್ಕೆ 128 ಸ್ಥಾನಗಳ ಸ್ವಂತ ಮನೆಯಿದೆ. ಅಲ್ಲಿ ಬರೆದದ್ದು ಯಾವ ಯಂತ್ರದಲ್ಲಿ ತೆರೆದರೂ ಕನ್ನಡವೇ. ಹಳೆಯ ನುಡಿಯಿಂದ ಯೂನಿಕೋಡಿಗೆ ಪರಿವರ್ತಿಸುವ ಸಾಧನಗಳನ್ನು ಕನ್ನಡದ ಉತ್ಸಾಹಿಗಳು ಸಿದ್ಧಪಡಿಸಿ ಬಿಟ್ಟಿದ್ದಾರೆ. ನಮ್ಮ ಮಠಮಾನ್ಯಗಳಿಗೆ ಹತ್ತಿರವಾದ ಉದಾಹರಣೆಯೆಂದರೆ ‘ವಚನ ಸಂಚಯ’. ಇಪ್ಪತ್ತು ಸಾವಿರಕ್ಕೂ ಹೆಚ್ಚು ವಚನಗಳನ್ನು ಯೂನಿಕೋಡಿನಲ್ಲಿ ಒದಗಿಸಿ, ಒಂದು ಶಬ್ದ ಎಲ್ಲೆಲ್ಲಿ ಬಂದಿದೆಯೆಂದು ಕ್ಷಣದಲ್ಲಿ ಹುಡುಕಿ ತೋರಿಸುವ ಆ ಯೋಜನೆಯನ್ನು ಕಟ್ಟಿದವರೂ ಸ್ವತಂತ್ರ ತಂತ್ರಾಂಶದ ಬಳಗದವರೇ.

ಪರಿವರ್ತನೆಯಲ್ಲಿ ಎಲ್ಲವೂ ಸರಿಬಂದಿತೆಂದು ಹೇಳಲಾಗದು. ಅರ್ಕಾವತ್ತು ತೊಂದರೆ ಕೊಟ್ಟಿತು. ಕಣ್ಣಿಗೆ ಅರ್ಕಾವತ್ತು ಅಕ್ಷರದ ನಂತರ ಕಾಣುತ್ತದೆ. ಉಚ್ಚಾರದಲ್ಲಿ ಅದು ಮೊದಲು ಬರುತ್ತದೆ. ಹಳೆಯ ಕ್ರಮ ಕಣ್ಣನ್ನು ಅನುಸರಿಸಿದರೆ ಯೂನಿಕೋಡ್ ಕಿವಿಯನ್ನು ಅನುಸರಿಸುತ್ತದೆ. ಈ ಸ್ಥಾನಪಲ್ಲಟದಲ್ಲಿ ಕೆಲವು ಕಡೆ ‘ಪುನರ್ವಸು’ ಹೋಗಿ ‘ಪುನವರ್ಸು’ ಆಗಿತ್ತು. ‘ದೀರ್ಘ’ ಹೋಗಿ ‘ದೀಘರ್’ ಆಗಿತ್ತು. ಇವನ್ನು ತಿದ್ದಲು ಯಂತ್ರಕ್ಕಿಂತ ಕನ್ನಡದ ಮೇಷ್ಟರೇ ವಾಸಿ. ಮೂವತ್ತೆರಡು ವರುಷ ಕೆಂಪು ಶಾಯಿಯಲ್ಲಿ ಮಾಡಿದ ಕೆಲಸವದು.

ಈ ಮುದಿಯಂತ್ರ ತರುಣವಾಯಿತೆಂದು ಯಾರೂ ಭ್ರಮಿಸಬೇಕಾಗಿಲ್ಲ. ಇಂದಿನ ಅಂತರ್ಜಾಲದ ಪುಟಗಳು ಅದರಲ್ಲಿ ಕುಂಟುತ್ತವೆ, ಚಲಚ್ಚಿತ್ರಗಳು ತೊದಲುತ್ತವೆ. ಬರೆಯಲು, ಓದಲು, ಲೆಕ್ಕವಿಡಲು ಮಾತ್ರ ಅದು ಸಾಕು. ನಾಡಿನ ಎಷ್ಟೋ ಶಾಲೆಗಳ ಉಗ್ರಾಣಗಳಲ್ಲಿ, ದಾನಿಗಳ ಹೆಸರು ಬರೆದ ಚೀಟಿ ಅಂಟಿಸಿಕೊಂಡು, ಗೋಣಿಯಡಿ ಮಲಗಿರುವ ಗಣಕಯಂತ್ರಗಳು ಇದಕ್ಕಿಂತ ಶಕ್ತವಾದವು. ಅವುಗಳಲ್ಲಿ ಬಹುಪಾಲಿಗೆ ಆದದ್ದು ಪಾರುಪತ್ಯಗಾರನ ಕಾಯಿಲೆಯಷ್ಟೇ. ಕೇರಳದ ಸರಕಾರಿ ಶಾಲೆಗಳು ಬಹುಕಾಲದಿಂದ ಲಿನಕ್ಸನ್ನೇ ಬಳಸುತ್ತಿವೆ. ಕಾಸರಗೋಡಿನ ಕನ್ನಡ ಶಾಲೆಗಳ ಮಕ್ಕಳೂ ಕಲಿಯುವುದು ಅದರಲ್ಲಿಯೇ. ಕರ್ನಾಟಕದಲ್ಲಿಯೂ 2010ರ ದಶಕದಲ್ಲಿ ಡಿಎಸ್‌ಇಆರ್‌ಟಿಯು ಐಟಿ ಫಾರ್ ಚೇಂಜ್ ಸಂಸ್ಥೆಯೊಡನೆ ಕೂಡಿ ಪ್ರೌಢಶಾಲಾ ಶಿಕ್ಷಕರಿಗೆ ಈ ಬಗೆಯ ತಂತ್ರಾಂಶಗಳಲ್ಲಿ ತರಬೇತಿ ಕೊಟ್ಟದ್ದುಂಟು. ಅದು ಇನ್ನಷ್ಟು ಬೇರೂರಬೇಕಾಗಿತ್ತು.

ಕಾಲವೂ ಹೆಚ್ಚು ಉಳಿದಿಲ್ಲ. ಸಿರಿಮನೆಯಲ್ಲಿ ಈ ಕೆಲಸ ನಡೆದ ಮರುತಿಂಗಳೇ, 2025ರ ಆಗಸ್ಟ್ 9ರಂದು, ಡೆಬಿಯನ್ 13 ಹೊರಬಂದಿತು. 32-ಬಿಟ್‌ನ ಇಂಥ ಹಳೆಯ ಯಂತ್ರಗಳಿಗೆ ಅದರಲ್ಲಿ ಅನುಸ್ಥಾಪಕವೇ ಇಲ್ಲ. ಹನ್ನೆರಡನೆಯ ಆವೃತ್ತಿಯ ದೀರ್ಘಾವಧಿ ಪೋಷಣೆ 2028ರ ಜೂನ್‌ವರೆಗೆಂದು ನಿಗದಿಯಾಗಿದೆ. ಅಷ್ಟರಲ್ಲಿ ಸಂಗ್ರಹವನ್ನು ಮುಗಿಸುವುದು ಅಧ್ಯಾಪಕರ ಲೆಕ್ಕ. ಈಗ ಅದರ ಒಂದು ಪ್ರತಿ ಹುಡುಗಿಯೊಡನೆ ಶಿವಮೊಗ್ಗದಲ್ಲಿದೆ. ಒಂದು ಶ್ರೀಮಠದ ಶಾಲೆಯ ಗ್ರಂಥಾಲಯದಲ್ಲಿದೆ. ಒಂದು ದೇವರ ಕೋಣೆಯಲ್ಲಿ, ಸುಣ್ಣದ ಡಬ್ಬಿಯ ಪಕ್ಕ, ಥಂಡಿ ತಾಗದಂತೆ ಅಕ್ಕಿಯೊಳಗೆ ಹುದುಗಿದೆ. ಅರ್ಕಾವತ್ತನ್ನು ತಿದ್ದುವ ಕೆಲಸ ‘ತ’ ಅಕ್ಷರದವರೆಗೆ ಬಂದಿದೆ.